ತಗಡಿನ ಹೊಟ್ಟೆ

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ.
ಇದು ಜೆಟ್ಟು; ಆದರೂ ಮೂತಿಗೊಂದು ಪಂಖ,
ಮೂಗುತಿಯ ಹಾಗೆ, ಬರೀ ಅಲಂಕಾರಕ್ಕೆ.
ಬೆನ್ನ ಮೇಲೆ ಗಾಜಿನ ಗುಮ್ಮಟ, ಅದರೊಳಗೆ
ಹ್ಯಾಟಿನವನೊಬ್ಬ ಊಟಕ್ಕೆ ಕೂತಿದ್ದಾನೆ,
ತಟ್ಟೆಯ ಮೀನು ಅವನಿಗಿಂತ ದೊಡ್ಡದು.
ಕೀಲಿ ಕೊಟ್ಟರೆ ಬಾಲದ ಬಾಗಿಲು ತೆರೆದು
ಗಗನಸಖಿ ಹೊರಬರುತ್ತಾಳೆ, ಅರ್ಧ ಸುತ್ತು ತಿರುಗಿ
ಮತ್ತೆ ಒಳಗೆ, ಏನೋ ಮರೆತವಳಂತೆ.
ಎಡಕ್ಕೆ ಹನ್ನೊಂದು ಕಿಟಕಿ, ಬಲಕ್ಕೆ ಹದಿಮೂರು;
ಎಲ್ಲದರಲ್ಲೂ ಒಂದೇ ಮುಖ, ಒಂದೇ ಕೆಂಪು ಟೈ.
ರೆಕ್ಕೆಯ ಮೇಲೆ ಬರೆದ ಕಂಪನಿ
ಯಾವ ಆಕಾಶದಲ್ಲೂ ಇಲ್ಲ.

ಮಾಡಿದವನು ವಿಮಾನದೊಳಗೆ ಕಾಲಿಟ್ಟವನಲ್ಲ.
ಕತ್ಸುಶಿಕಾದ ಗಲ್ಲಿಯಲ್ಲಿ, ಕಾಲುವೆಯ ಪಕ್ಕದ ಶೆಡ್ಡಿನಲ್ಲಿ
ತಲೆಯೆತ್ತಿ ಅದರ ಹೊಟ್ಟೆಯನ್ನಷ್ಟೇ ಕಂಡವನು;
ಮಿಕ್ಕಿದ್ದನ್ನು ಆಸೆಯಿಂದ ತುಂಬಿದ.

ನಾನೋ, ಹನೇದಾದಲ್ಲಿ ಮೂವತ್ತೆಂಟು ವರ್ಷ
ನಿಜವಾದವುಗಳ ಕೆಳಗೆ ಅಂಗಾತ ಮಲಗಿದವನು.
ಕೂದಲೆಳೆಯ ಬಿರುಕನ್ನು ಉಗುರಿನಲ್ಲಿ ಓದುತ್ತಿದ್ದೆ.
ಪಾಳಿ ಮುಗಿದರೆ ಎಣಿಕೆ:
ಪ್ರತಿ ಸ್ಪ್ಯಾನರಿಗೂ ಪೆಟ್ಟಿಗೆಯಲ್ಲಿ ಅದರದೇ ಆಕಾರದ ಗುಳಿ.
ಒಂದು ಗುಳಿ ಖಾಲಿಯಿದ್ದರೂ
ಇನ್ನೂರು ಜನ ನೆಲದ ಮೇಲೇ ಕಾಯಬೇಕು.

ನಿವೃತ್ತಿಯ ಮೇಲೆ ಇವು. ಅರವತ್ತೆರಡಾದವು.
ಹೆಂಡತಿ ಸೆತ್ಸು ಅನ್ನುತ್ತಾಳೆ: "ಕಪಾಟು ತುಂಬಿತು,
ಅಕ್ಕಿ ಡಬ್ಬಿಯ ಮೇಲೆ ಮಾತ್ರ ಇಳಿಸಬೇಡಿ."
ತುಕ್ಕಿಗೆ ಒಣಬಟ್ಟೆ, ಕೀಲಿಗೆ ಒಂದು ಹನಿ ಎಣ್ಣೆ.
ಹೊಸ ಬಣ್ಣ ಬಳಿಯುವವನಲ್ಲ ನಾನು.
ತಪ್ಪು ತಿದ್ದಿದ ವಿಮಾನ ಪುಕ್ಕಟೆ ಕೊಟ್ಟರೂ ಒಲ್ಲೆ.
ಹಾರದ್ದು ಬೀಳುವುದಿಲ್ಲ.
ಇಷ್ಟೇ ಸಾಕು ನನಗೆ ಪ್ರಮಾಣಪತ್ರ.

ಆದರೆ ಇದು, ಈ ಮೂಗುತಿಯದು, ಸದ್ದು ಮಾಡುತ್ತದೆ.
ವಾಲಿಸಿದರೆ ಮೂತಿಯಿಂದ ಬಾಲಕ್ಕೆ ಏನೋ ಉರುಳುತ್ತದೆ:
ಗರ್ರ್... ಟಣ್.
ಮೊಳೆಯಲ್ಲ. ಮೊಳೆಯ ದನಿ ನನಗೆ ಗೊತ್ತು.
ಒಂಬತ್ತು ವರ್ಷ ಕೆಳಗಿನ ಅಂತಸ್ತಿನಲ್ಲಿಟ್ಟೆ, ಮಾತು ಬಿಟ್ಟವನಂತೆ.
ತೆರೆಯೋಣವೆಂದರೆ ಅಂಚಿನುದ್ದಕ್ಕೂ
ತಗಡಿನ ಕಿವಿಗಳು ಮಡಚಿ ಕೂತಿವೆ;
ಬಿಡಿಸಬಹುದು ಒಮ್ಮೆ. ಮತ್ತೆ ಮಡಚಿದರೆ
ಕಿವಿಯೇ ಕಿತ್ತು ಕೈಗೆ ಬರುತ್ತದೆ.

ಕಳೆದ ಭಾನುವಾರ, ದೇಗುಲದಂಗಳದ ಹಳೇ ಸಾಮಾನಿನ ಸಂತೆಗೆ
ಇದನ್ನೇ ಒಯ್ದೆ, ತೊಲಗಲಿ ಎಂದು.
ಚಹಾ ಕೆಟಲು ಮಾರುವ ತೊಮಿಎ ಅಜ್ಜಿ
ಕಿವಿಗೆ ಹಿಡಿದು ಅಲ್ಲಾಡಿಸಿದಳು,
ಕಲ್ಲಂಗಡಿ ತಟ್ಟಿ ನೋಡುವವರ ಹಾಗೆ.
"ನಮ್ಮ ಗಲ್ಲಿಯದು! ಶಾಲೆ ಬಿಟ್ಟ ಮೇಲೆ
ಕಿವಿ ಮಡಚುವ ಕೆಲಸ ನಮಗೆ, ನೂರಕ್ಕೆ ಇಷ್ಟು ಚಿಲ್ಲರೆ.
ಬೇಜಾರಾದರೆ ಒಬ್ಬ ಪ್ರಯಾಣಿಕನನ್ನು ಹತ್ತಿಸುತ್ತಿದ್ದೆವು:
ಕಾಕಿ ಹಣ್ಣಿನ ಬೀಜ, ಅಂಗಿಯ ಗುಂಡಿ, ತಮ್ಮನ ಬಿದ್ದ ಹಲ್ಲು.
ಎಲ್ಲಾ ಅಮೆರಿಕಕ್ಕೆ ಹೋಗುತ್ತವೆ ಅನ್ನುತ್ತಿದ್ದರಲ್ಲ.
ಇದು ಹೋಗಲೇ ಇಲ್ಲವೋ, ಹೋಗಿ ಬಂತೋ..."
"ಇದರಲ್ಲಿರುವುದು ಯಾವುದು?"
"ಟಿಕೆಟ್ ಕೇಳುತ್ತಿರಲಿಲ್ಲಪ್ಪ ನಾವು."

ಏಳನೇ ಗುಳಿ ಖಾಲಿ ಕಂಡ ರಾತ್ರಿ
ಮುರೊಯಾನಿಗೆ ಹತ್ತೊಂಬತ್ತು.
ಸೀಟು ಕಿತ್ತು, ನೆಲಹಾಸು ಕಿತ್ತು, ಬೆಳಗಿನ ತನಕ ಹುಡುಕಿದೆವು.
ಸಿಗಲಿಲ್ಲ.
ಸೊಂಟ ಬಾಗಿಸಿ ನಿಂತೇ ಇದ್ದ ಹುಡುಗ.
"ಸಾಕು, ತಲೆಯೆತ್ತು" ಅನ್ನಲಿಲ್ಲ ನಾನು.
"ಹೊಟ್ಟೆಗೆ ಹಾಕಿಕೊಳ್ಳಿ" ಎಂದರು ಹಳೇ ಮೇಸ್ತ್ರಿ.
ವಿಮಾನದ ಹೊಟ್ಟೆಯಲ್ಲಿ ಎಳ್ಳಿಗೂ ಜಾಗವಿಲ್ಲ ಎಂದೆ.
ಕೊನೆಗೆ ವಿಮಾನದ ಕಾಗದಕ್ಕೆ ಸಹಿ ಹಾಕಿದೆ.
ಅವನ ಕಾಗದಕ್ಕೂ, ಅದೇ ಪೆನ್ನಿನಲ್ಲಿ.

ಮಾರದೆ ಮನೆಗೆ ತಂದೆ.
ಅಡಿಗೆಮನೆಯ ದೀಪದ ಕೆಳಗೆ
ಮೆಲ್ಲಗೆ, ತೊಟ್ಟಿಲು ವಾಲಿಸಿದಷ್ಟೇ ಮೆಲ್ಲಗೆ.
ಗರ್ರ್... ಟಣ್.
"ಏನದು ಸದ್ದು?" ಒಳಗಿಂದ ಸೆತ್ಸು.
"ಲೆಕ್ಕಕ್ಕಿಂತ ಒಬ್ಬ ಹೆಚ್ಚಿದ್ದಾನೆ."
ಸ್ವಲ್ಪ ಹೊತ್ತು ಏನೂ ಇಲ್ಲ.
"ಇರಲಿ ಬಿಡಿ" ಅಂದಳು, ಮಗ್ಗುಲಾಗಿ.