ಗೀರು

ಹಡರ್ಸ್‌ಫೀಲ್ಡಿನಲ್ಲಿ ಸಪಾಟು ಬೀದಿ ಅಂತ ಒಂದಿಲ್ಲ.
ನಮ್ಮ ಹಾಲಿಗೆ ಹದಿನೇಳು ಮೆಟ್ಟಿಲು,
ಲಿಫ್ಟು ಕೆಟ್ಟು ಎರಡು ಚಳಿಗಾಲ.
ವಾರವಿಡೀ ಬಸ್ಸು, ಶನಿವಾರ ರಾತ್ರಿ ಇದು:
ಕೈಗೊಂದು ಪೆಟ್ಟಿಗೆ, ಪೆಟ್ಟಿಗೆ ತುಂಬ ರೆಕಾರ್ಡು.
ನಲವತ್ತು ವರ್ಷ ಹೊತ್ತೆ.
ಈಗ ಸೊಂಟ ಲೆಕ್ಕ ಕೇಳುತ್ತಿದೆ,
ಬಡ್ಡಿ ಸಮೇತ.

ಕೆಜಾಯಾ ಬಂದಳು, ತಂಗಿಯ ಮೊಮ್ಮಗಳು,
ಕಂಕುಳಲ್ಲೊಂದು ಲ್ಯಾಪ್‌ಟಾಪು,
ಅದರ ಹೊಟ್ಟೆಯಲ್ಲಿ ನಲವತ್ತು ಸಾವಿರ ಹಾಡು.
ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದಳು.
ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಅವಳದು ಗುಂಡಿ ಒತ್ತಿದರಾಯಿತು,
ಎರಡು ಹಾಡು ಪರದೆಯ ಮೇಲೆ
ಹೆಣೆದ ಜಡೆಯ ಹಾಗೆ ಕೂಡಿಕೊಳ್ಳುತ್ತವೆ.
ತಪ್ಪೇ ಇಲ್ಲ. ಹುಡುಕಿ ನೋಡಿದ್ದೇನೆ.

ನನ್ನದು ಹಾಗಲ್ಲ.
ಎಡಗಿವಿಯಲ್ಲಿ ಮುಗಿಯುತ್ತಿರುವ ಹಾಡು,
ಬಲಗಿವಿಯಲ್ಲಿ ಇನ್ನೂ ಹುಟ್ಟದ್ದು.
ಓಡುವ ತಟ್ಟೆಯ ಅಂಚಿಗೆ ಬೆರಳು ತಾಗಿಸಿ
ಮೆಲ್ಲಗೆ, ಮೆಲ್ಲಗೆ ಅನ್ನಬೇಕು,
ಇಳಿಜಾರಿನಲ್ಲಿ ತುಂಬಿದ ಬಸ್ಸಿಗೆ ಬ್ರೇಕು ಒತ್ತಿದಂತೆ,
ನಿಂತವರು ಯಾರೂ ಮುಗ್ಗರಿಸದಂತೆ.
ಚೂರು ಹೆಚ್ಚಾದರೆ ಎರಡು ಡ್ರಮ್ಮೂ
ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡ ದಡೂತಿಗಳ ಹಾಗೆ
ಗುದ್ದಾಡುತ್ತವೆ.
ಚೂರು ಕಮ್ಮಿಯಾದರೂ ಅದೇ.

ಮೊನ್ನೆ ಇಮೋಜೀನ್ ಡೇಕರ್ಸ್‌ಗೆ ಎಂಬತ್ತು ತುಂಬಿತು.
ತೆಂಗಿನ ಹಾಲಿನ ಅನ್ನ, ಮೇಕೆ ಮಾಂಸದ ಸಾರು,
ಗೋಡೆಗೆ ಸಾಲಾಗಿ ಒರಗಿಸಿದ ಊರುಗೋಲು.
ಕೆಜಾಯಾ ಹಾಕಿದಳು ಮುದುಕಿಯ ಪ್ರೀತಿಯ ಹಾಡು,
ಸೋಪು ಹಾಕಿ ತಿಕ್ಕಿ ತೊಳೆದಷ್ಟು ಶುಭ್ರ.
ಎಲ್ಲ ಎದ್ದರು.
ಎರಡನೇ ಸಲದ ಪಲ್ಲವಿ ಮುಗಿದದ್ದೇ
ಮೂವತ್ತು ಜನ, ಒಟ್ಟಿಗೆ, ನೆಗೆದರು.

ಹಾಡು ನೆಗೆಯಲಿಲ್ಲ.

ತುತ್ತೂರಿಗಿಂತ ಒಂದು ಸಾಲು ಮೊದಲೇ ಹೋಗಿ
ಕತ್ತಲಲ್ಲಿ, ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಹಾಗೆ
ಒಬ್ಬರ ಮುಖ ಒಬ್ಬರು ನೋಡಿದರು.
ಕೆಜಾಯಾ ಪರದೆ ನೋಡಿದಳು, ಎಲ್ಲ ಸರಿಯಿತ್ತು.
ಆಮೇಲೆ ನನ್ನನ್ನು ನೋಡಿದಳು.

ಏನು ಹೇಳಲಿ, ಮಗಳೇ.
ನನ್ನ ತಟ್ಟೆಯಲ್ಲಿ ಅಲ್ಲೊಂದು ಗೀರಿದೆ.
ಎಂಬತ್ತನಾಲ್ಕರ ಚಳಿ, ಇದೇ ಕೋಣೆ,
ನಿನ್ನಮ್ಮ ಮಾರ್ವಾಗೆ ಆಗ ಎರಡು ವರ್ಷ,
ಮೇಜು ಹಿಡಿದು ತುದಿಗಾಲಲ್ಲಿ ನಿಂತು
ಮುಳ್ಳಿಗೇ ಕೈ ಹಾಕಿ ಎಳೆದಳು.
ಅಂದಿನಿಂದ ಮುಳ್ಳು ಅಲ್ಲೊಂದು ಸಾಲು ನುಂಗಿ
ತುತ್ತೂರಿಗೆ ಹಾರುತ್ತದೆ.
ಹೊಸತು ಕೊಳ್ಳಲು ಆಗ ಕಾಸಿರಲಿಲ್ಲ.
ಕಾಸು ಬಂದಾಗ ಯಾರಿಗೂ ಬೇಕಿರಲಿಲ್ಲ.
ಮದುವೆಗೆ, ನಾಮಕರಣಕ್ಕೆ, ಸತ್ತವರ ಒಂಬತ್ತನೇ ರಾತ್ರಿಗೆ
ಅಲ್ಲಿ ನೆಗೆದು ನೆಗೆದು
ಗೀರು ತಟ್ಟೆಯಿಂದ ಇಳಿದು
ನಮ್ಮ ಮೊಣಕಾಲು ಸೇರಿದೆ.

"ನಾನಲ್ಲ," ಅಂದಳು ಮಾರ್ವಾ ಆ ಮೂಲೆಯಿಂದ,
ಬಾಯಿ ತುಂಬ ಕೇಕು.

"ವ್ಯಾನಲ್ಲಿ ಇದೆಯಾ ಅದು?"
ಇತ್ತು. ಯಾರೂ ತಾ ಎಂದಿರಲಿಲ್ಲ, ಆದರೂ ಇತ್ತು.
ಹುಡುಗಿ ಇಳಿದು ಹೋಗಿ ಇಡೀ ಪೆಟ್ಟಿಗೆಯನ್ನೇ ಹೊತ್ತು ತಂದಳು,
ಈ ಸಲ ಒಂದೊಂದೇ ಮೆಟ್ಟಿಲು,
ಒಂಬತ್ತರಲ್ಲಿ ನಿಂತು ಉಸಿರು ತಗೊಂಡು.
ಧೂಳು ಊದಿದಳು. ಮುಳ್ಳು ಇಳಿಸಿದಳು.
ಮೊದಲು ಬಂತು ಆ ಚಿಟಿಪಿಟಿ,
ಕಾದ ಎಣ್ಣೆಗೆ ನಾಲ್ಕೇ ಸಾಸಿವೆ ಬಿದ್ದಂತೆ.
ಕೂತವರು ಕೂತಲ್ಲೇ ಹಿಮ್ಮಡಿ ಎತ್ತಿಕೊಂಡರು.

ಆ ನೆಗೆತದ ಬಗ್ಗೆ ಬರೆಯುವುದಿಲ್ಲ.
ಇಮೋಜೀನಳ ಹಲ್ಲಿನ ಸೆಟ್ಟು ಕಳಚಿತು, ಅಷ್ಟು ಸಾಕು.

ನಿನ್ನೆ ಕೆಜಾಯಾ ಮನೆಗೆ ಬಂದು
ಆ ಹಾಡನ್ನು ಗೀರಿನ ಸಮೇತ
ತನ್ನ ಯಂತ್ರಕ್ಕೆ ಇಳಿಸಿಕೊಂಡು ಹೋದಳು.
ಒಳ್ಳೆಯದೇ. ನನ್ನ ಮೆಟ್ಟಿಲು ತಪ್ಪಿತು.
ಅಲ್ಲಿ ಅದು ಇನ್ನು ಇದ್ದಷ್ಟೇ ಇರುತ್ತದೆ.
ನನ್ನದರಲ್ಲಿ ಮುಳ್ಳು ಹಾದಾಗಲೆಲ್ಲ
ಕೂದಲೆಳೆಯಷ್ಟು ಸವೆಯುತ್ತದೆ,
ಇನ್ನೊಂದು ಹತ್ತು ವರ್ಷಕ್ಕೆ
ಎರಡು ಸಾಲು ನುಂಗೀತು.

ಆಗ ಎಲ್ಲಿ ನೆಗೆಯಬೇಕೆಂದು
ಮತ್ತೆ ಕಲಿಯಬೇಕು.