ಕೆಮ್ಮಿನ ತುಣುಕುಗಳು

ಗಡಿಯಾರ ಸುಳ್ಳು ಹೇಳಲಿಲ್ಲ.
ಒಬ್ಬರಿಗೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು,
ಇನ್ನೊಬ್ಬರಿಗೂ ಅಷ್ಟೇ.
ರಿಜಿಸ್ಟರಿನಲ್ಲಿ ಹಸಿರು ಶಾಯಿಯ ನನ್ನ ಸಹಿ ಇದೆ,
ಬೇಕಾದವರು ಧಾರವಾಡಕ್ಕೆ ಬಂದು ನೋಡಬಹುದು,
ಗೆದ್ದಲು ಬಿಟ್ಟಿದ್ದರೆ.

ಚುನಾವಣೆಗೆ ಹದಿನೇಳು ದಿನ ಉಳಿದಿದ್ದವು.
ಬಾನುಲಿ ಚರ್ಚೆಗೆ ಇಬ್ಬರು.
ವಕೀಲ ಮಹಾಂತ ಇನಾಮತಿಯವರು ಹುಬ್ಬಳ್ಳಿಯಿಂದ,
ತಮ್ಮದೇ ಕಾರಿನಲ್ಲಿ, ಬಗಲಲ್ಲಿ ಕಡತ.
ಬ್ಯಾಡಗಿ ಮಾರುಕಟ್ಟೆಯ ಹಮಾಲರ ಪರವಾಗಿ
ದ್ಯಾಮಣ್ಣ ಹುಲ್ಲತ್ತಿ, ಎರಡು ಬಸ್ಸು ಬದಲಿಸಿ.
ಅವನ ಅಂಗಿಯ ಜೊತೆ ಮೆಣಸಿನಕಾಯಿಯ ಘಾಟು ಒಳಗೆ ಬಂತು,
ಮೈಕು ಸರಿಮಾಡುತ್ತಿದ್ದ ನನಗೆ ಸೀನು.
ನೋಡಿ, ಆಗಲೇ ಒಬ್ಬರು 'ಅವರು', ಒಬ್ಬ 'ಅವನು'.
ಈ ಸಾಲು ತಿದ್ದಬೇಕೆಂದಿದ್ದೆ.
ಬೇಡ, ಇರಲಿ.

ಇಬ್ಬರೂ ಕೆಮ್ಮಿದರು.
ವಕೀಲರದು ಸಿಗರೇಟಿನ ಒಣಕೆಮ್ಮು,
ಪ್ರತಿ ಅಲ್ಪವಿರಾಮಕ್ಕೊಂದು.
ಹುಲ್ಲತ್ತಿಯದು ಆಳದ್ದು,
ಮೂವತ್ತು ವರ್ಷದ ಚೀಲಗಳ ಧೂಳು
ಒಂದೊಂದೇ ಮೆಟ್ಟಿಲು ಹತ್ತಿ ಬಂದ ಹಾಗೆ.

ರಾತ್ರಿ ಸಂಕಲನಕ್ಕೆ ಕೂತೆ.
ಹಳದಿ ಪೆನ್ಸಿಲ್ಲು, ಬ್ಲೇಡು, ಅಂಟುಪಟ್ಟಿ.
ವಕೀಲರ ಕೆಮ್ಮು ಹುಡುಕಿ ಹುಡುಕಿ ಕೊಯ್ದೆ.
'ಏನಪಾ ಅಂದ್ರ' ಎಂದದ್ದು, ನಾಲಿಗೆ ತಡವರಿಸಿದ್ದು, ಉಸಿರೆಳೆದದ್ದು,
ಎಲ್ಲ ಕೊಯ್ದು ಮಾತಿಗೆ ಮಾತು ಕೂಡಿಸಿದೆ,
ಇಸ್ತ್ರಿ ಹೊಡೆದ ಧೋತರದ ಹಾಗೆ.
ಹುಲ್ಲತ್ತಿಯ ಸರದಿ ಬಂದಾಗ ಒಂದೂವರೆ ಗಂಟೆ.
ಕರೆಂಟು ಹೋಯಿತು, ಬಂತು.
ಹಮಾಲರಲ್ಲವೇ, ಕೆಮ್ಮು ಇರಲಿ,
ಸಹಜವಾಗಿರುತ್ತದೆ, ಅಂದುಕೊಂಡೆ.
ಸಹಜ. ಆ ಶಬ್ದವನ್ನೇ ಅಂದುಕೊಂಡೆ.
ಆಮೇಲೆ ಇಬ್ಬರನ್ನೂ ಅಳೆದು ಸಮ ಮಾಡಿದೆ:
ಒಬ್ಬರದು ಬರೀ ಮಾತು,
ಒಬ್ಬರದು ಕೆಮ್ಮೂ ಸೇರಿ.

ಯಾರ ಫೋನೂ ಬಂದಿರಲಿಲ್ಲ.
ಬೆಂಗಳೂರಿನದಿಲ್ಲ, ದಿಲ್ಲಿಯದಿಲ್ಲ.
ನಿರ್ದೇಶಕರು ಮಾಳಮಡ್ಡಿಯ ಮನೆಯಲ್ಲಿ ನಿದ್ದೆಹೋಗಿದ್ದರು.

ವಾರದೊಳಗೆ ಪತ್ರಗಳು.
'ಸರ್ಕಾರದ ತುತ್ತೂರಿ' ಎಂದು ರಾಣೆಬೆನ್ನೂರಿನವರೊಬ್ಬರು,
'ಬಾವುಟ ಹಿಡಿದವರಿಗೆಲ್ಲ ಮೈಕು ಯಾಕೆ' ಎಂದು ಗದಗಿನವರು.
ನಿರ್ದೇಶಕರಿಗೆ ಖುಷಿಯೋ ಖುಷಿ, ಮಿರ್ಚಿ ಭಜಿ ತರಿಸಿದರು.
"ಎರಡೂ ಕಡೆ ಬೈಸಿಕೊಂಡ್ವಿ ಅಂದ್ರ
ನಟ್ಟನಡುವ ಅದೇವಿ ನೋಡ್ರಿ."
ನಾನೂ ತಿಂದೆ, ಎರಡು.

ಸಂಜೆಯ ಟಪಾಲಿಗೆ ಇನ್ನೊಂದು ಕಾರ್ಡು.
ಮೌಲಾಸಾಬ ನದಾಫ, ಗಾದಿ ಅಂಗಡಿ, ಬೆಟಗೇರಿ.
ಅಕ್ಷರ ಮೊಮ್ಮಗಳದು; ಮೂಲೆಯಲ್ಲಿ ಅವಳೇ ಹಾಗೆ ಬರೆದಿದ್ದಳು.

"ಸಾಹೇಬರ, ನನಗ ಪಾರ್ಟಿ ಗೀರ್ಟಿ ತಿಳಿಯೂದಿಲ್ಲ.
ವಕೀಲರು ನಾಕು ನಿಮಿಷ ಮಾತಾಡಿದ್ರು,
ಒಮ್ಮೆರ ಉಸರು ತಗೊಂಡಿದ್ದು ಕೇಳಲಿಲ್ಲ.
ಹಂಗ ಮಾತಾಡೋ ಮನಿಷಾ ಇರತಾನೇನ್ರಿ?
ಅರಳಿ ಹಿಂಜಾವಗ ಅನಸತೈತಿ, ಬೀಜ ಎಲ್ಲಾ ಹೋದ್ವು ಅಂತ.
ಉಳದದ್ದು ಗೊತ್ತಾಗೂದು
ಗಾದಿ ಮ್ಯಾಲ ಮಲಗಿದವಗ."

ಅಚ್ಚು ಹಾಕಿದ ಉತ್ತರ ನಮ್ಮಲ್ಲಿ ಕಟ್ಟುಗಟ್ಟಲೆ ಇತ್ತು:
ತಮ್ಮ ಪತ್ರ ತಲುಪಿದೆ. ಕಾರ್ಯಕ್ರಮಗಳನ್ನು ಆಲಿಸುತ್ತಿರಿ.
ಹೆಸರು ತುಂಬಿ ಕಳಿಸಿದೆ.

ಕೊಯ್ದದ್ದು ಕಸಕ್ಕೆ ಹೋಗಿರಲಿಲ್ಲ,
ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು.
ಒಂದು ಭಾನುವಾರ, ಕಾವಲುಗಾರ ಊಟಕ್ಕೆ ಹೋದಾಗ,
ಎಲ್ಲ ಅಂಟಿಸಿ ಯಂತ್ರಕ್ಕೆ ಏರಿಸಿದೆ.
ಐವತ್ತೆರಡು ಸೆಕೆಂಡು.
ಮನುಷ್ಯನೊಬ್ಬ ಉಸಿರೆಳೆಯುತ್ತಾನೆ, ತಡೆಯುತ್ತಾನೆ, ಕೆಮ್ಮುತ್ತಾನೆ,
ಏನೋ ಹೇಳಹೊರಟು
ಹೇಳುವುದೇ ಇಲ್ಲ.
ಅವನು ಯಾವ ಪಕ್ಷದವನೆಂದು
ದೇವರಾಣೆಗೂ ತಿಳಿಯುವುದಿಲ್ಲ.

ನಡುವೆ, ಒಂದು ಕಡೆ,
ಸೀನು.
ಅದು ನನ್ನದು.
ಅದನ್ನೂ ಕೊಯ್ದಿದ್ದೆನೆಂದು
ನೆನಪೇ ಇರಲಿಲ್ಲ.