ಬಾನೆಟ್ಟಿನ ಮೇಲೆ ಅಂಗೈ

ಮರದ ಮಿಲ್ಲಿನ ಗರಗಸ
ಅಪ್ಪನ ಎರಡೂ ಕಿವಿ ತಿಂದು ಮುಗಿಸಿತ್ತು,
ಇಪ್ಪತ್ತಾರು ವರ್ಷ, ಒಂದೊಂದೇ ತುತ್ತು.
ಹಾಗಾಗಿ ಹಳೇ ಪಿಕಪ್ಪು ನೋಡಲು ಹೋಗುವಾಗ
ನನ್ನನ್ನೂ ಹತ್ತಿಸಿಕೊಳ್ಳುತ್ತಿದ್ದ.
ನನಗಾಗ ಒಂಬತ್ತು.

ಮೊಂಟಾನಾದ ಶನಿವಾರಗಳು:
ಥರ್ಮಾಸಿನಲ್ಲಿ ಕಾಫಿ, ಕಾಗದದಲ್ಲಿ ಸುತ್ತಿದ ಮೊಟ್ಟೆ ಬ್ರೆಡ್ಡು,
ಪೇಪರಿನಲ್ಲಿ ಪೆನ್ಸಿಲ್ಲಿನ ಸುತ್ತು ಬಿದ್ದ ಮೂರು ಜಾಹೀರಾತು.
ಯಾರದೋ ಕೊಟ್ಟಿಗೆಯ ಹಿಂದೆ
ಮೊಣಕಾಲುದ್ದ ಹುಲ್ಲಿನಲ್ಲಿ ಕಾಯುತ್ತ ನಿಂತಿರುತ್ತಿತ್ತು
ಎಂಬತ್ತೇಳರ ಫೋರ್ಡು, ತೊಂಬತ್ತೊಂದರ ಡಾಡ್ಜು.
ಪಕ್ಕದಲ್ಲಿ ಅದರ ಮಾಲೀಕ:
"ನಮ್ಮವಳೊಬ್ಬಳೇ ಓಡಿಸಿದ್ದು, ಅದೂ ಚರ್ಚಿಗೆ."

ಅಪ್ಪ ಮೊದಲು ಏನನ್ನೂ ಮುಟ್ಟುತ್ತಿರಲಿಲ್ಲ.
ಸುಮ್ಮನೆ ಒಂದು ಸುತ್ತು.
ಆಮೇಲೆ ಚಿಂದಿಯಲ್ಲಿ ಕಟ್ಟಿದ ಅಯಸ್ಕಾಂತ ತೆಗೆದು
ಚಕ್ರದ ಮೇಲಿನ ತಗಡಿಗೆ ಹಿಡಿಯುವನು.
ಅಂಟಿದರೆ ಕಬ್ಬಿಣ, ಜಾರಿದರೆ ಪುಟ್ಟಿ.
ಬಣ್ಣ ಬಳಿದ ಸುಳ್ಳು ಎಷ್ಟಗಲ ಎಂದು
ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸುವನು,
ಮಾಲೀಕನಿಗಲ್ಲ, ನನಗೆ.
ಆಯಿಲ್ ಕಡ್ಡಿ ಎಳೆದು ಮೂಸಿ, ಬೆರಳಲ್ಲಿ ಉಜ್ಜಿ
ನನ್ನ ಬೆರಳಿಗೂ ಒಂದಿಷ್ಟು ಹಚ್ಚಿ

ಕೀಲಿ ತಿರುಗಿಸಿ, ನನ್ನ ಮುಖ ನೋಡುವನು.

ಆ ಹೊತ್ತು ನಾನೇ ಅವನ ಕಿವಿ.
ಇಬ್ಬರಿಗೇ ಗೊತ್ತಿದ್ದ ಕೈಸನ್ನೆಯ ನಿಘಂಟು:
ಟಿಕಟಿಕ ಅಂದರೆ ಕೋಳಿ. ಎರಡು ಬೆರಳ ಕೊಕ್ಕು. ಸಾಕಿಕೊಳ್ಳಬಹುದು.
ಕುಂಯ್ ಅಂದರೆ ನಾಯಿಮರಿ. ಬೆಲ್ಟು ಸಡಿಲ, ಹನ್ನೆರಡು ಡಾಲರಿನ ಮಾತು.
ಕಿರ್ರ್‌ರ್ ಅಂದರೆ ಲೋರೆಟ್ಟಾ ಅತ್ತೆ
(ಆಗ ಅಪ್ಪ ನಗು ತಡೆಯಲಾರದೆ ಬೆಟ್ಟದ ಕಡೆ ತಿರುಗುವನು).
ಕೆಳಗೆಲ್ಲೋ, ಹೊಟ್ಟೆಯ ಆಳದಲ್ಲಿ
ದಡ್ ದಡ್ ಎಂದು ಯಾರೋ ಕದ ಬಡಿದರೆ
ಮುಷ್ಟಿ ಬಿಗಿದು ಎದೆಗೆ ಒತ್ತಬೇಕು.
ಅಂದರೆ: ದುಡ್ಡು ಜೇಬಲ್ಲೇ ಇರಲಿ,
ನಮಸ್ಕಾರ ಹೇಳಿ ಹೊರಡೋಣ.

ಎಷ್ಟೋ ಶನಿವಾರ ಏನೂ ಕೊಳ್ಳಲಿಲ್ಲ.
ಬರಿಗೈಲಿ ಬರುವುದೂ ಒಂದು ವ್ಯಾಪಾರ.
ದಾರಿಯಲ್ಲಿ ಹಕಲ್‌ಬೆರಿ ಪೈ, ಒಂದು ತಟ್ಟೆ, ಎರಡು ಚಮಚ.

ಹದಿಮೂರರಲ್ಲಿ ಆ ಕೆಂಪು ಶೆವಿ ಕಂಡೆ.
ಪೋಲ್ಸನ್ನಿನಾಚೆ, ಡುವೇನ್ ಎಂಬವನ ಚೆರ್ರಿ ತೋಟದಲ್ಲಿ,
ಚೆರ್ರಿಗೂ ಒಂದು ಕೈ ಮಿಗಿಲು.
ಉದ್ದ ಬೆಂಚಿನ ಸೀಟು. ರೇಡಿಯೋ ಗುಂಡಿಗಳು
ಹಲ್ಲುಜ್ಜಿದ ಹಾಗೆ.
ಅಪ್ಪ ಕೀಲಿ ತಿರುಗಿಸಿದ. ನನ್ನ ಮುಖ ನೋಡಿದ.
ದಡ್.
ಸಣ್ಣಗೆ, ನಾಚಿಕೊಂಡಂತೆ. ಮತ್ತೆ, ದಡ್.
ನಾನು ಕೈಯೆತ್ತಿ
ಎರಡು ಬೆರಳು ಸೇರಿಸಿ ಕೊಕ್ಕು ಮಾಡಿದೆ.
ಕೋಳಿ.

ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಊರಿ
ಒಂದು ಗಳಿಗೆ ನಿಂತ.
ಡುವೇನ್ ಹೇಳಿದ್ದು ಹದಿನೆಂಟು ನೂರು. ಅಪ್ಪ ಎಣಿಸಿದ್ದು ಒಂಬತ್ತು.
ಡುವೇನ್ ಜಗ್ಗಾಡದೆ ಜೇಬಿಗಿಳಿಸಿದ.
ಅದೇಕೆಂದು ನಾನು ಯೋಚಿಸಲಿಲ್ಲ, ರೇಡಿಯೋ ತಿರುಗಿಸುತ್ತಿದ್ದೆ.

ನವೆಂಬರಿನ ಮೊದಲ ಹಿಮ, ಎವಾರೋ ಏರು,
ನಟ್ಟನಡುವೆ ಎಂಜಿನ್ನು ಪ್ರಾಣ ಬಿಟ್ಟಿತು.
ಯಾರದೋ ಸರಪಳಿಗೆ ಕೊರಳು ಕೊಟ್ಟು ಮನೆಗೆ ಬಂದೆವು.
ಅಂಗಳದಲ್ಲಿ ನಾನು ಮುಷ್ಟಿ ಬಿಗಿದು ಎದೆಗೊತ್ತಿದೆ,
ಮೂರು ತಿಂಗಳು ತಡವಾಗಿ, ಮೂಗು ಸುರಿಸುತ್ತ.
ಅಪ್ಪ ನೋಡಿದ.
ಬೆರಳು ಒಂದೊಂದೇ ಬಿಡಿಸಿ
ಒಳಗೆ ಹದಿನೈದರ ಸ್ಪ್ಯಾನರು ಇಟ್ಟ.

ಚಳಿಗಾಲ ಪೂರ ಶೆಡ್ಡಿನಲ್ಲೇ.
ಅಮ್ಮನ ಕೇಕಿನ ತಟ್ಟೆ, ಗುಳಿಗೊಂದು ಬೋಲ್ಟು.
ಕೈ ಸುಟ್ಟೆ, ಬೈಸಿಕೊಂಡೆ, ಬೈದೆ.
ಅವನಿಗೆ ಕೇಳದ್ದರಿಂದ ಜೋರಾಗಿಯೇ ಬೈದೆ.
ಫೆಬ್ರವರಿಯ ಒಂದು ಶುಕ್ರವಾರ ರಾತ್ರಿ ಅದು ಓಡಿತು.
ಅಪ್ಪ ನನ್ನ ಕೈ ಹಿಡಿದೆಳೆದು
ಬೆಚ್ಚಗಾಗುತ್ತಿದ್ದ ಬಾನೆಟ್ಟಿಗೆ ಒತ್ತಿ
"ಇಲ್ಲಿ ಕೇಳು" ಅಂದ.

ಎಲ್ಲ ಇದ್ದರು ಅಂಗೈಯಲ್ಲಿ.
ಬೆರಳ ಬುಡದಲ್ಲಿ ಕೋಳಿ, ಹೆಬ್ಬೆರಳಿಗೆ ನಾಯಿಮರಿ,
ಮಣಿಕಟ್ಟಿನ ಹತ್ತಿರ, ಸ್ವಲ್ಪವೇ, ಲೋರೆಟ್ಟಾ ಅತ್ತೆ.
ಕದ ಬಡಿಯುವವನ ಜಾಗ ಮಾತ್ರ ಖಾಲಿ.

"ಹಾಗಾದರೆ ಅಷ್ಟು ಶನಿವಾರ ನನ್ನನ್ನೇಕೆ..." ಎಂದೆ.
ಅವನು ಆಗಲೇ ದೀಪ ಆರಿಸಲು ಹೊರಟಿದ್ದ.
ಬೆನ್ನಿಗೆ ಹೇಳಿದ್ದು ಅಪ್ಪನಿಗೆ ಕೇಳಿಸುವುದಿಲ್ಲ.